ವಿದೇಶಿ ಉಪನ್ಯಾಸ

ದೆಹಲಿಯಲ್ಲಿ ಕನ್ನಡ ಮೇಷ್ಟ್ರಾಗಿ ಇಷ್ಟು ವರ್ಷ ಸವೆದ ನನಗೆ ಹಿಂದಿ ಬರುತ್ತದೆಂಬ ಭ್ರಮೆಯಿತ್ತು. ತರಕಾರಿ ಭಯ್ಯಾನ ಹತ್ತಿರ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಕೇಳುವಷ್ಟು ಬಂದರೆ ಮನುಷ್ಯನಿಗೆ ಹೀಗೆಲ್ಲ ಅನ್ನಿಸುತ್ತದೆ. ಆಗತಾನೇ ನಮ್ಮ ಬಡಾವಣೆ ದ್ವಾರಕಾಕ್ಕೆ ಮೆಟ್ರೋ ಬಂದಿತ್ತು. ನಮ್ಮ ಶಾಲೆಯೂ ಹೊಸದಾಗಬೇಕೆಂದು ಪ್ರಿನ್ಸಿಪಾಲ್ ಮೇಡಂಗೆ ಅನ್ನಿಸಿತು. ನನ್ನ ಕನ್ನಡ ತರಗತಿಯಲ್ಲಿದ್ದದ್ದು ಬೆರಳೆಣಿಕೆಯ ಮಕ್ಕಳು. ಆ ಪೀರಿಯಡ್ಡನ್ನು ಕಂಪ್ಯೂಟರಿಗೆ ಕೊಡುವ ಮಾತು ಆಗಲೇ ಎದ್ದಿತ್ತು. ಅಂಥ ಹೊತ್ತಿನಲ್ಲಿ ಮೇಡಂ ನನ್ನನ್ನು ಕರೆದು, "ಮಾಸ್ಟರ್‌ಜೀ, ಕ್ಲಾಸ್ ಮೇ ಏಕ್ ವಿದೇಶಿ ಉಪನ್ಯಾಸ್ ಲಾಯಿಯೇ" ಎಂದರು. ತಾವೂ ಬಂದು ಕೂರುತ್ತಾರಂತೆ. ಅವರು ಮೆಚ್ಚಿದರೆ ಪೀರಿಯಡ್ ಉಳಿಯುತ್ತದೆ ಎಂದು ನನಗೆ ಅರ್ಥವಾಯಿತು. ಅರ್ಥವಾದದ್ದು ಅಷ್ಟೇ.

ವಿದೇಶದ ಬಗ್ಗೆ ಯಾರಿಂದ ಮಾತಾಡಿಸಲಿ ಎಂದು ತಲೆ ಕೆಡಿಸಿಕೊಂಡು, ನಮ್ಮ ಸೊಸೈಟಿಯ ರಾಯರ ಕಾಲು ಹಿಡಿದೆ. ರಾಯರು ಯಾವುದೋ ಚಳಿ ದೇಶದ ನಮ್ಮ ರಾಯಭಾರ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕೋಟು ತೊಟ್ಟು ಬಂದವರೇ, ಅಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಆಗುವುದಿಲ್ಲವೆಂಬ ಸಂಕಟವನ್ನು ಗಂಟೆ ಬಾರಿಸುವವರೆಗೆ ವರ್ಣಿಸಿದರು. ಮಕ್ಕಳು ತೂಕಡಿಸಿದರು. ಹಿಂದಿನ ಬೆಂಚಿನಲ್ಲಿದ್ದ ಮೇಡಂ ಕೊನೆಗೆ, ಉಪನ್ಯಾಸ ಎಲ್ಲಿ ಎಂದು ಕೇಳಿದರು. ನಾನು ವಿನಯದಿಂದ ರಾಯರ ಕಡೆ ಕೈ ತೋರಿಸಿದೆ. ಹಿಂದಿಯಲ್ಲಿ ಉಪನ್ಯಾಸವೆಂದರೆ ಭಾಷಣವಲ್ಲ, ಕಾದಂಬರಿ ಎಂದು ನನ್ನ ಕಿವಿಯಲ್ಲಿ ಹೇಳಿದವಳು ಏಳನೇ ತರಗತಿಯ ನಿಶಾ, ಅದೂ ಕನಿಕರದಿಂದ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಮೇಡಂ ಇನ್ನೊಂದು ಅವಕಾಶ ಕೊಟ್ಟರು. ಅದು ಕನ್ನಡದ ಅವಕಾಶ. ಹಿಂದಿಯಲ್ಲಿ ಅವಕಾಶವೆಂದರೆ ರಜೆ. ಹಿಂದಿಯದಾಗಿದ್ದರೆ ಅದು ಸಿಗುತ್ತಿತ್ತು, ನಿಜಕ್ಕೂ ನನಗೆ ಬೇಕಾಗಿದ್ದದ್ದೂ ಅದೇ. ಈ ಸಲ ಹಿಮದ ನಾಡಿನಲ್ಲಿ ಬಾತುಕೋಳಿ ಸಾಕುವ ವಿಧವೆಯೊಬ್ಬಳ ಕುರಿತ ಕಾದಂಬರಿಯ ಕನ್ನಡ ಅನುವಾದವನ್ನೇ ತಂದೆ. ಒಂದು ಪುಟ ಓದಿ, ಆಮೇಲೆ ಆ ದೇಶದ ಹವಾಮಾನ, ಲೇಖಕರ ಬಾಲ್ಯ, ಬಾತುಕೋಳಿಯ ಸಾಂಕೇತಿಕತೆ ಎಂದು ವಿವರಿಸುತ್ತಾ ಹೋದೆ. ಗಂಟೆ ಬಾರಿಸಿದಾಗ ಬಾತುಕೋಳಿಗಳು ಇನ್ನೂ ಹೊಳೆ ದಾಟಿರಲಿಲ್ಲ. ಹೇಗಿತ್ತು ಎಂದು ಆಸೆಯಿಂದ ಮಕ್ಕಳನ್ನು ಕೇಳಿದೆ.

"ಸರ್, ನೀವು ಹಿಂದೀವಾಲಾ ಉಪನ್ಯಾಸ ತಂದ್ರಿ, ಫಿರ್ ಅದನ್ನ ಕನ್ನಡದ ಉಪನ್ಯಾಸ ಮಾಡ್ಬಿಟ್ರಿ" ಎಂದಳು ನಿಶಾ.

ಅವಳೇನು ಹೇಳಿದಳೆಂದು ಈ ಸಲವೂ ಹಿಂದಿನ ಬೆಂಚಿನಲ್ಲಿದ್ದ ಮೇಡಂ ವಿಚಾರಿಸಿದರು. ನಾನೇ ಹಿಂದಿಗೆ ಅನುವಾದಿಸಿ ಹೇಳಬೇಕಾಯಿತು. ಮೇಡಂ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅಂದೇ. ಪೀರಿಯಡ್ ಉಳಿಯಿತು, ಒಂದು ಷರತ್ತಿನ ಮೇಲೆ: ಕಾದಂಬರಿಯನ್ನು ಮಕ್ಕಳೇ ಓದಬೇಕು, ಮಾಸ್ಟರ್‌ಜೀ ಕೂತು ಕೇಳಬೇಕು. ಈಗ ನಿಶಾ ಓದುತ್ತಾಳೆ, ಬಾತುಕೋಳಿಗಳು ಸಲೀಸಾಗಿ ಹೊಳೆ ದಾಟುತ್ತವೆ. ಕನ್ನಡವನ್ನು ಉಳಿಸಲು ಇಷ್ಟು ವರ್ಷ ಏನೇನೋ ಮಾಡಿ ದಣಿದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತೆಂದು ಯಾರೂ ಹೇಳಿರಲಿಲ್ಲ.