ಚಿತ್ರದಲ್ಲಿ ಕಾಣದವರು

ರಸ್ತೆ ಬದಿಯಲ್ಲಿ ಕೂತು ಚಿತ್ರ ಬಿಡಿಸುವವನ ಬೆನ್ನ ಹಿಂದೆ ಯಾರಾದರೊಬ್ಬರು ಬಂದು ನಿಂತೇ ನಿಲ್ಲುತ್ತಾರೆ, ನಿಂತವರು ಸುಮ್ಮನಿರುವುದಿಲ್ಲ. ನಾನು ಆಗ ಹೊಲಿಗೆ ಯಂತ್ರ ಮಾರುವ ಕಂಪನಿಯೊಂದರ ಪರವಾಗಿ ಊರೂರು ತಿರುಗುತ್ತಿದ್ದೆ. ಕೆಲಸ ಮುಗಿಯುತ್ತಲೇ ಬಣ್ಣದ ಡಬ್ಬಿ ಬಿಚ್ಚುವುದು ನನ್ನ ಚಟ. ಕಣ್ಣಿಗೆ ಕಂಡದ್ದನ್ನು ಮಾತ್ರ ಬಿಡಿಸುತ್ತೇನೆ, ಇಲ್ಲದ್ದನ್ನು ಸೇರಿಸುವುದಿಲ್ಲ ಎಂಬುದು ನನ್ನ ಹಠ. ಐವತ್ತರ ದಶಕದ ಕೊನೆಗೆ ಮಂಗಳೂರಿಗೆ ಹೋಗಿ ಬರತೊಡಗಿದ ಮೇಲೆ ಆ ಹಠಕ್ಕೆ ಒದಗಿದ ಗತಿ ಇದು.

ಗೋಳಿಬಜೆ

ಹಂಪನಕಟ್ಟೆಯ ಹೋಟೆಲೊಂದರಲ್ಲಿ ಗೋಳಿಬಜೆ ತರಿಸಿ, ತಿನ್ನದೆ, ಅದರ ಚಿತ್ರ ಬಿಡಿಸುತ್ತ ಕೂತಿದ್ದೆ. ಮಾಲೀಕರು ಗಲ್ಲೆಯಿಂದ ಎದ್ದು ಬಂದರು.

"ಎಂತ, ರುಚಿ ಇಲ್ಲವಾ?"

"ಚಿತ್ರ ಮುಗಿದ ಮೇಲೆ ತಿನ್ನುತ್ತೇನೆ."

"ತಣ್ಣಗಾದ ತಿಂಡಿಯ ಚಿತ್ರ ಬಿಡಿಸಿ ನನ್ನ ಹೋಟೆಲಿನ ಮರ್ಯಾದೆ ತೆಗೀಬೇಡಿ."

ತಟ್ಟೆ ಒಳಗೆ ಹೋಯಿತು, ಬಿಸಿ ತಟ್ಟೆ ಬಂತು. ಗೋಳಿಬಜೆಗಳು ಬೇರೆ, ಅವು ಕೂತ ರೀತಿಯೂ ಬೇರೆ. ಅಳಿಸಿ ಮತ್ತೆ ಶುರು ಮಾಡಿದೆ. ಅದು ಆರುವಷ್ಟರಲ್ಲಿ ಇನ್ನೊಂದು ತಟ್ಟೆ ಬಂತು. ಕೊನೆಗೆ ಸೋತು ತಿಂದುಬಿಟ್ಟೆ. ಕಾಗದದ ಮೇಲೆ ಉಳಿದದ್ದು ಬರೀ ತಟ್ಟೆ ಮತ್ತು ಚಟ್ನಿಯ ಬಟ್ಟಲು. ಮಾಲೀಕರು ಅದನ್ನು ಗಂಭೀರವಾಗಿ ನೋಡಿ ಹೇಳಿದರು: "ಈಗ ಸರಿಯಾಯ್ತು. ತಿಂಡಿ ಒಳ್ಳೆಯದಿತ್ತು ಅಂತ ಯಾರಿಗೂ ಗೊತ್ತಾಗ್ತದೆ."

ಸಾಹುಕಾರರ ಕೊಡೆ

ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಬ್ಯಾರಿ ಸಾಹುಕಾರರೊಬ್ಬರು ತಮ್ಮ ಹಳೆಯ ಅಂಗಡಿಯನ್ನು ಬಿಡಿಸಲು ಸಂತೋಷದಿಂದ ಒಪ್ಪಿದರು. ಒಂದೇ ಷರತ್ತು: "ನನ್ನ ಮುಖ ಬೇಡ. ನಮ್ಮ ಮನೆಯಲ್ಲಿ ಮುಖದ ಚಿತ್ರ ಗೋಡೆಗೆ ಹಾಕುವ ಕ್ರಮ ಇಲ್ಲ."

ತಮ್ಮ ಕುರ್ಚಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತರು. ಚಿತ್ರ ಮುಗಿದಾಗ ಅವರ ಮುಖ ಸಣ್ಣದಾಯಿತು.

"ಹಗಲು ಹೊತ್ತಿನಲ್ಲಿ ಕುರ್ಚಿ ಖಾಲಿ ಉಂಟಲ್ಲ ಮಾರಾಯ್ರೆ. ನೋಡಿದವರು ವ್ಯಾಪಾರ ಮುಳುಗಿತು ಅಂದುಕೊಳ್ತಾರೆ."

"ಬೇಡ ಅಂದವರು ನೀವೇ, ಸಾಹುಕಾರ್ರೆ."

"ನಾನು ಕಾಣುವುದು ಬೇಡ. ನಾನು ಇದ್ದೇನೆ ಅಂತ ಕಾಣಬೇಕು."

ಅದು ಹೇಗೆ ಎಂದು ನಾನು ತಲೆ ಕೆರೆದುಕೊಳ್ಳುವಾಗ ಅವರು ತಮ್ಮ ಕೊಡೆಯನ್ನು ತಂದು ಕುರ್ಚಿಯ ಬೆನ್ನಿಗೆ ತೂಗುಹಾಕಿದರು. "ಇದನ್ನು ಬಿಡಿಸಿ. ಈ ಕೊಡೆ ಬಿಟ್ಟು ನಾನು ಬೇಸಿಗೆಯಲ್ಲೂ ಪಕ್ಕದ ಅಂಗಡಿಗೆ ಹೋಗುವವನಲ್ಲ ಅಂತ ಇಡೀ ಬಂದರಿಗೆ ಗೊತ್ತುಂಟು."

ಕೂಳೂರಿನ ಮನೆ

ಕೂಳೂರಿನಲ್ಲಿ ನಮ್ಮ ಕಂಪನಿಯ ಯಂತ್ರ ತೆಗೆದುಕೊಂಡಿದ್ದ ವಯಸ್ಸಾದ ಅಮ್ಮ ಒಬ್ಬರಿದ್ದರು. ಕೆಲವು ವರ್ಷಗಳ ನಂತರ, ಹೊಸ ರಸ್ತೆಗಾಗಿ ಅವರ ಮನೆ ಒಡೆಯುವುದೆಂದು ತೀರ್ಮಾನವಾಯಿತು. ಅವರು ವಾಮಂಜೂರಿನ ತಮ್ಮನ ಮನೆಗೆ ಹೊರಟಿದ್ದರು. ಹೋಗುವ ಮೊದಲು ಈ ಮನೆಯ ಚಿತ್ರ ಬೇಕು ಎಂದರು.

"ಜಗಲಿಯಲ್ಲಿ ಯಜಮಾನರನ್ನೂ ಹಾಕಿ."

ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಒಂದು ಫೋಟೋ ಕೂಡ ಇರಲಿಲ್ಲ.

"ನೋಡದ ಮುಖ ಹೇಗೆ ಬಿಡಿಸಲಿ, ಅಮ್ಮ?"

"ಅವರಿಲ್ಲದ ಮನೆ ಹಿಡ್ಕೊಂಡು ಹೋಗಿ ನಾನು ಎಂತ ಮಾಡ್ಲಿ?"

ನನಗೆ ಸಂಕಟವಾಯಿತು. ಆಗ ಸಾಹುಕಾರರ ಕೊಡೆ ನೆನಪಾಯಿತು. "ಮೆಟ್ಟಿಲ ಹತ್ತಿರ ಅವರ ಚಪ್ಪಲಿ ಬಿಡಿಸಲೇ? ಒಳಗಿದ್ದಾರೆ ಅಂತ ಗೊತ್ತಾಗುತ್ತದೆ."

ಅವರು ಒಳಗೆ ಹೋಗಿ ಒಣಗಿ ಸೆಟೆದುಕೊಂಡಿದ್ದ ಒಂದು ಜೊತೆ ಚರ್ಮದ ಚಪ್ಪಲಿ ತಂದು ಮೆಟ್ಟಿಲ ಬಳಿ ಜೋಡಿಸಿಟ್ಟರು. ಮನಸ್ಸಿಟ್ಟು ಬಿಡಿಸಿದೆ. ಅಮ್ಮ ನೋಡಿ, ಇಲ್ಲವೆಂದು ತಲೆಯಾಡಿಸಿದರು.

"ಇದು ಅವರಲ್ಲ."

"ಇದೇ ಚಪ್ಪಲಿಯಲ್ಲವೇ, ಅಮ್ಮ?"

"ಚಪ್ಪಲಿ ಅವರದ್ದೇ. ಆದರೆ ಹೀಗೆ ಜೋಡಿಸಿ ಇಡುವ ಜನವೇ ಅಲ್ಲ ಅದು. ಹೇಳಿ ಹೇಳಿ ನನಗೆ ಸಾಕಾಗಿತ್ತು. ಒಂದನ್ನು ಅಲ್ಲಿ ದೂರ ಹಾಕಿ. ಇನ್ನೊಂದನ್ನು ಕವುಚಿ ಹಾಕಿ."

ನಾನು ಅನುಮಾನಿಸಿದೆ. "ಬಾಗಿಲಲ್ಲಿ ಚಪ್ಪಲಿ ಕವುಚಿ ಬಿದ್ದಿದ್ದರೆ ಮನೆಯಲ್ಲಿ ಜಗಳವಾಗುತ್ತದೆ ಅನ್ನುತ್ತಾರಲ್ಲ. ತಮ್ಮನ ಮನೆಯ ಗೋಡೆಗೆ ಹಾಕುವ ಚಿತ್ರ ಇದು."

ಅಮ್ಮ ಬಗ್ಗಿ ಒಂದು ಚಪ್ಪಲಿಯನ್ನು ತಾವೇ ಕವುಚಿ ಹಾಕಿದರು.

"ಆಗಲಿ," ಎಂದರು. "ಜಗಳ ಆಡ್ಲಿಕ್ಕಾದರೂ ಅವರು ಬರಬೇಕಲ್ಲ."