ಮಾತಾಡಿದವರು ಹೊರಗೆ

ಮೈಕಣ್ಣನಿಗೆ ಬೇಕಾಗಿದ್ದದ್ದು ಒಂದು ಕುರ್ಚಿ ಹಿಡಿಸುವಷ್ಟು ಮೌನ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಇವತ್ತು ಬರುವುದೇ ಇಲ್ಲ ಎಂದು ಸಾರುವುದು ಅವನ ಉದ್ಯೋಗ. ಹೆಸರು ಏನೇ ಇದ್ದರೂ ಬೀದಿಯವರಿಗೆಲ್ಲ ಅವನು ಮೈಕಣ್ಣನೇ. ದಿನವಿಡೀ ಕೂಗಿ ಮನೆಗೆ ಬಂದರೆ ಅಲ್ಲೂ ಗಲಾಟೆ. ಈ ಭಾನುವಾರ ಯಾರು ಅಡ್ಡ ಬಂದರೂ ಸರಿ, ಹಿತ್ತಲಲ್ಲಿ ವಿಶ್ರಾಂತಿಯ ತೋಟ ಮಾಡಿಯೇ ತೀರುತ್ತೇನೆ ಎಂದು ಹಟ ತೊಟ್ಟ.

ಬೆಳಗಾಗುತ್ತಲೇ ಮುರಿದ ಸೈಕಲ್ಲನ್ನು ಗುಜರಿಗೆ ಹಾಕಿದ. ಬಟ್ಟೆ ಒಣಹಾಕುವ ತಂತಿ ಬಿಚ್ಚಿದ. ಬಳ್ಳಿ ಹಬ್ಬಿದ ಮೂಲೆಯಲ್ಲಿ ಸುತ್ತ ಹೂವಿನ ಕುಂಡಗಳನ್ನಿಟ್ಟು, ನಡುವೆ ಹೊಸ ಒರಗು ಕುರ್ಚಿ ಹಾಕಿದ. ಇನ್ನೇನು ಕೂರಬೇಕು, ಗೋಡೆಯ ಮೇಲೆ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ತಲೆ ಮೂಡಿತು.

“ಏನಯ್ಯಾ ಇದು, ಕುಂಡ ಹೀಗಾ ಇಡೋದು? ಸಾಲೇ ಸೊಟ್ಟಗಿದೆ!”

ಬೇಡ ಎನ್ನುವುದರೊಳಗೆ ಮೇಷ್ಟ್ರು ಒಳಗೆ ಬಂದು ಕುಂಡಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟರು. ಅಷ್ಟರಲ್ಲಿ ಮಹಡಿ ಮನೆಯ ಟೈಲರಮ್ಮ ಟೇಪು ಹಿಡಿದು ಇಳಿದು ಬಂದರು.

“ಅಣ್ಣಾ, ಕುರ್ಚಿಗೊಂದು ದಿಂಬು ಬೇಡ್ವಾ? ಇರಿ, ಅಳತೆ ತಗೋತೀನಿ.”

ಕುರ್ಚಿಯ ಅಳತೆ ಮುಗಿಯಿತು. ಟೇಪು ಹೇಗೂ ಕೈಯಲ್ಲಿತ್ತಲ್ಲ, ಮೈಕಣ್ಣನ ಸೊಂಟವನ್ನೂ ಅಳೆದು “ಅಯ್ಯಯ್ಯೋ” ಎಂದರು. ಹಿಂದೆಯೇ ಹೆಂಡತಿ ಬಕೆಟ್ಟು ಹಿಡಿದು ನಿಂತಳು.

“ರೀ, ತಂತಿ ಬಿಚ್ಚಿದ್ರಲ್ಲ, ಒದ್ದೆ ಬಟ್ಟೆ ನಿಮ್ಮ ತಲೆ ಮೇಲೆ ಒಣಹಾಕ್ಲಾ?”

ಮೈಕಣ್ಣನ ಪಿತ್ತ ನೆತ್ತಿಗೇರಿತು. “ನನ್ನ ಹಿತ್ತಲು! ನನ್ನ ಕುರ್ಚಿ! ಎಲ್ಲ ಆಚೆ ನಡೀರಿ!” ಎಂದು ಗುಡುಗಿದ. ಬಳ್ಳಿಯಲ್ಲಿದ್ದ ಹಕ್ಕಿಗಳು ಹಾರಿಹೋದವು, ಈ ಮೂವರು ಮಾತ್ರ ಅಲ್ಲಾಡಲಿಲ್ಲ. ಮೊಂಡನಿಗೆ ಮೊಂಡುತನವೇ ಮದ್ದು ಎಂದುಕೊಂಡು ಅವನು ಹಲಗೆಯೊಂದರ ಮೇಲೆ ‘ಇಲ್ಲಿ ಮಾತಾಡಿದವರು ಹೊರಗೆ’ ಎಂದು ಬರೆದು ಗೋಡೆಗೆ ಜಡಿದ. ಬಾಯಿ ಮುಚ್ಚಿದರೆ ಉಸಿರೇ ನಿಲ್ಲುವ ಜನ ಇವರು, ಎಷ್ಟು ಹೊತ್ತು ತಡೆದಾರು!

“ಯಾರು ಮಾತಾಡಿದ್ರೂ ಹೊರಗಾ?” ಎಂದರು ಮೇಷ್ಟ್ರು.

“ಯಾರೇ ಆಗಿರ್ಲಿ. ಈಗಿಂದಲೇ!”

“ನೋಡೇ ಬಿಡೋಣ,” ಎಂದ ಟೈಲರಮ್ಮ ಮೆಟ್ಟಿಲ ಮೇಲೆ ಕೂತು ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡರು. ಹೆಂಡತಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಮೇಷ್ಟ್ರು ಕುಂಡಗಳ ಸಾಲಿನ ಕೊನೆಗೆ ತಾವೂ ನಿಂತರು. ಕಾಲಿಗೆ ಕೆಂಜಿಗ ಕಚ್ಚಿ ಅವರ ಮುಖ ಬದನೆಕಾಯಿಯಂತಾಯಿತು. ಆದರೂ ತುಟಿ ಬಿಚ್ಚಲಿಲ್ಲ.

ಮೈಕಣ್ಣ ಒರಗಿಕೊಂಡು ಮೂವರನ್ನೂ ದುರುಗುಟ್ಟಿ ನೋಡುತ್ತಿದ್ದ. ಹೋಗದಿದ್ದರೆ ಕತ್ತೆಬಾಲ, ಸದ್ದಂತೂ ಇಲ್ಲವಲ್ಲ! ತಂಗಾಳಿ ಬೀಸಿತು. ಎಲೆಗಳ ಸಪ್ಪಳ ಕೇಳಿಸಿತು. ಎಷ್ಟೋ ವರ್ಷಗಳ ಮೇಲೆ ಅವನ ಭುಜಗಳು ಸಡಿಲವಾದವು. ಗೆದ್ದೆ ಎಂದುಕೊಂಡ ಅವನಿಗೆ ಸುಖವೆನಿಸಿತು, ಕಣ್ಣುಗಳು ಮುಚ್ಚಿಕೊಂಡವು.

ಎಚ್ಚರವಾದಾಗ ಒಂದು ರಟ್ಟೆ ಮೇಷ್ಟ್ರ ಕೈಯಲ್ಲಿತ್ತು, ಇನ್ನೊಂದು ಟೈಲರಮ್ಮನ ಕೈಯಲ್ಲಿ. ಹೆಂಡತಿ ಹಲಗೆಯತ್ತ ಬೆರಳು ತೋರಿಸುತ್ತಿದ್ದಳು. ಯಾರೂ ತುಟಿಪಿಟಕ್ಕೆನ್ನದೆ ಅವನನ್ನು ಹಿತ್ತಲ ಬಾಗಿಲಿನಿಂದ ಬೀದಿಗೆ ದಾಟಿಸಿದರು. ಹೊಸಿಲು ದಾಟಿದ ಮೇಲೆಯೇ ಹೆಂಡತಿ ಬಾಯಿ ತೆರೆದಳು.

“ನಿದ್ದೇಲಿ ‘ಪ್ರಯಾಣಿಕರ ಗಮನಕ್ಕೆ’ ಅಂತ ಕಿರುಚಿದ್ರಿ. ಎರಡು ಬಸ್ಸು ಬಿಟ್ಟು ಒಂದನ್ನ ರದ್ದು ಮಾಡಿದ್ರಿ.”

“ನಾನಾ? ಸುಳ್ಳು! ಯಾವತ್ತಾದ್ರೂ ಹಾಗೆ ಮಾಡಿದೀನಾ?”

“ಮದುವೆ ಆದಾಗಿಂದ ದಿನಾ ರಾತ್ರಿ ಮಾಡ್ತೀರಿ. ಪಾಪ, ಇಡೀ ದಿನ ದುಡಿದು ಬಂದಿರ್ತಾರೆ ಅಂತ ನಾನೇ ಸುಮ್ನಿದ್ದೆ. ಇವತ್ತಾದ್ರೂ ಸ್ವಲ್ಪ ಕಣ್ಣು ಮುಚ್ತೀನಿ.”

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಒರಗು ಕುರ್ಚಿ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು.

“ಇದು ನನ್ನ ಹಿತ್ತಲು! ನಾನು ಇಲ್ಲಿಂದ ಕದಲಲ್ಲ!” ಮೈಕಣ್ಣ ಬೀದಿಯೆಲ್ಲ ಕೇಳುವಂತೆ ಅಬ್ಬರಿಸಿದ.

ಗೋಡೆಯ ಮೇಲಿನಿಂದ ಅವನ ಚಪ್ಪಲಿಗಳು ಬಂದು ಬಿದ್ದವು.