ಒಂದು ಕಲ್ಲು ಉಪ್ಪಿನ ವಿಷಯವಾಗಿ ರುಚಿ ಪರಿಶೀಲನಾಧಿಕಾರಿಗಳಿಗೆ

ಸೂಕ್ಷ್ಮ ನಾಲಿಗೆಯುಳ್ಳವರೂ, ಶಾಲಾ ಬಿಸಿಯೂಟದ ರುಚಿ ಪರಿಶೀಲನಾ ಉಪಶಾಖೆಯ ಮುಖ್ಯಸ್ಥರೂ ಆದ ಪರಮ ಮಾನ್ಯರೇ,

ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, ಕಡಲ ಗಾಳಿಗೆ ಬೋರ್ಡಿನ ಅಕ್ಷರಗಳೆಲ್ಲ ಉದುರಿಹೋಗಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮೂರನೇ ಇಯತ್ತೆಯ ಚಂದನಾಳ ತಾಯಿಯೂ, ಬೆಳಿಗ್ಗೆ ಮೀನು ಮಾರಿ ಹತ್ತೂವರೆಗೆಲ್ಲ ಬುಟ್ಟಿ ತೊಳೆದಿಡುವವಳೂ ಆದ ಅಂಬಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ನಾಲಿಗೆಯ ಕ್ಷೇಮಕ್ಕೆಂದು ಮೊನ್ನೆ ಇಡಗುಂಜಿಗೆ ಹೋದಾಗ ಒಂದು ಹಣ್ಣುಕಾಯಿಯನ್ನೂ ಮಾಡಿಸಿ ಬಂದಿದ್ದೇನೆ.

ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಒಬ್ಬ ತಾಯಿಯೂ ರುಚಿ ನೋಡಿ ವಹಿಯಲ್ಲಿ ಬರೆಯಬೇಕೆಂಬುದು ನಿಯಮವಷ್ಟೆ. ಕಳೆದ ತಿಂಗಳು ಒಂದು ಗುರುವಾರ ನನ್ನ ಪಾಳಿ ಬಂತು. ಅಂದು ದುರ್ಗಿ, ಅಂದರೆ ಹನ್ನೊಂದು ವರ್ಷಗಳಿಂದ ಈ ಶಾಲೆಯ ಒಲೆ ಹಚ್ಚುತ್ತಿರುವ ನಮ್ಮ ಅಡುಗೆಯವಳು, ಮೊಗೆಕಾಯಿ ಸಾಂಬಾರು ಮಾಡಿದ್ದಳು. ಅಯ್ಯೋ ಮಾನ್ಯರೇ, ಅದರ ರುಚಿಯನ್ನು ಏನೆಂದು ಹೇಳಲಿ! ಚಮಚದಲ್ಲಿ ನೋಡಬೇಕಾದದ್ದನ್ನು ಬಟ್ಟಲಲ್ಲಿ ನೋಡಿದೆ, ಬಟ್ಟಲನ್ನು ಬೆರಳಿನಿಂದ ಒರೆಸಿ ನೆಕ್ಕಿದೆ, ಹೆಡ್ ಮಾಸ್ತರರಾದ ತ್ರ್ಯಂಬಕರು ಎದುರಿಗೇ ನಿಂತಿದ್ದಾರೆಂಬ ನಾಚಿಕೆಯೂ ನನಗಾಗಲಿಲ್ಲ. ಆಮೇಲೆ ಪೆನ್ನು ಹಿಡಿದು, ವಹಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದೆ: "ಉಪ್ಪು ಒಂದು ಕಲ್ಲು ಕಡಿಮೆ."

ಹೀಗೇಕೆ ಬರೆದೆನೆಂದರೆ, ನಮ್ಮ ಕಡೆ ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ. ಗುಂಡುಗುಂಡಗಿನ ಮಗುವನ್ನು ಎತ್ತಿಕೊಂಡು, "ಎಂತ ಮಾರಾಯ್ತಿ, ಮಗು ಬಡವಾಯ್ತಲ್ಲೇ" ಎನ್ನುತ್ತೇವೆ. ನಮ್ಮನೆಯವರಾದ ಶನಿಯಾರರು ದೋಣಿ ತುಂಬ ಬಂಗಡೆ ತಂದ ದಿನವೂ ದಡದಲ್ಲಿ ಕೇಳಿದವರಿಗೆಲ್ಲ "ಎಂತದೂ ಇಲ್ಲ, ಒಂದು ಹೊತ್ತಿನ ಸಾರಿಗೆ ಆತು" ಎಂದೇ ಹೇಳುವುದು; ನಿಜವಾಗಿ ಬರಿಗೈಯಲ್ಲಿ ಬಂದ ದಿನ ಮಾತ್ರ "ಅಡ್ಡಿಲ್ಲ" ಎನ್ನುತ್ತಾರೆ. ಹಾಗೆ ನಾನೂ, ಮಗುವಿನ ಕೆನ್ನೆಗೆ ಕಾಡಿಗೆ ಇಡುವಂತೆ, ಆ ಸಾಂಬಾರಿನ ಪಾತ್ರೆಗೆ ಒಂದು ಕಲ್ಲು ಉಪ್ಪಿನ ಕೊಂಕು ಇಟ್ಟೆ. ಮಾಸ್ತರರು ಓದಿ ಹೇಳಿದಾಗ ದುರ್ಗಿಯ ಮುಖ ಊರಗಲ ಅರಳಿತ್ತು.

ಅದಾಗಿ ನಾಲ್ಕೇ ದಿನಕ್ಕೆ, ವಹಿಯ ನಕಲು ಕಚೇರಿಗೆ ತಲುಪಿದ್ದೇ ತಡ, ತಮ್ಮ ನೋಟಿಸು ಬಂತು. ಅಡುಗೆಕೋಣೆಯ ಮಾಡಿನ ಶೀಟು ಹಾರಿಹೋಗಿದೆಯೆಂದು ಮಾಸ್ತರರು ಎರಡು ಮಳೆಗಾಲಗಳಿಂದ ಬರೆದ ಆರು ಪತ್ರಗಳೂ, ಒಲೆಯ ಎರಡು ಬರ್ನರುಗಳಲ್ಲಿ ಒಂದೇ ಉರಿಯುತ್ತದೆಂದು ಬರೆದ ಮೂರು ಪತ್ರಗಳೂ ತಮ್ಮ ಕಚೇರಿಯಲ್ಲಿ ಇನ್ನೂ ಸುಖನಿದ್ರೆಯಲ್ಲಿರುವಾಗ, ನನ್ನ ನಾಲ್ಕೇ ಶಬ್ದಗಳಿಗೆ ತಾವು ದಿಗ್ಗನೆ ಎದ್ದು ಕುಳಿತದ್ದನ್ನು ಕಂಡು ಊರೇ ಬೆರಗಾಯಿತು. ದುರ್ಗಿಯನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ತಾವು ಕೇಳಿದ ಪ್ರಶ್ನೆಯಲ್ಲಿ ಒಂದೇ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಅಷ್ಟಕ್ಕೇ ನಿಲ್ಲದೆ, ತನಿಖೆಗೆಂದು ತಾವೂ ಸೇರಿ ಐದು ಜನ ಜೀಪಿನಲ್ಲಿ, ಸರಿಯಾಗಿ ಮಧ್ಯಾಹ್ನ ಬಡಿಸುವ ಹೊತ್ತಿಗೆ ದಯಮಾಡಿಸಿದಿರಿ. ಮೊದಲು ಚಮಚದಲ್ಲಿ ರುಚಿ ನೋಡಿದಿರಿ. ಒಂದು ಚಮಚದ ಸಾಕ್ಷಿ ಸಾಲದೆಂದು ತಟ್ಟೆ ತರಿಸಿದಿರಿ; ಮೊದಲ ತಟ್ಟೆಯ ತೀರ್ಪು ಸರಿಯೋ ಎಂದು ಎರಡನೆಯ ತಟ್ಟೆಯಿಂದ ಪರಿಶೀಲಿಸಿದಿರಿ. ಡ್ರೈವರ್ ದೇವರಾಜರು ಪಂಚಸಾಕ್ಷಿಯಾಗಿ ಮೂರು ತಟ್ಟೆ ಊಟ ಮಾಡಿದರು. ಅಂದು ಮೊಟ್ಟೆಯ ದಿನವಾಗಿತ್ತು; ಬೇಯಿಸಿದ ಮೊಟ್ಟೆಗೆ ದುರ್ಗಿ ಉಪ್ಪು ಹಾಕುವುದೇ ಇಲ್ಲವಾದರೂ ಒಂಬತ್ತು ಮೊಟ್ಟೆಗಳನ್ನು ತನಿಖೆಗೆ ಒಳಪಡಿಸಲಾಯಿತು. ಸಾಲಿನ ತುದಿಯಲ್ಲಿ ಕುಳಿತಿದ್ದ ನನ್ನ ಚಂದನಾ ಮನೆಗೆ ಬಂದು, "ಅಮ್ಮ, ಇವತ್ತು ಶಾಲೆಗೆ ದೊಡ್ಡ ದೊಡ್ಡ ಮಕ್ಳು ಬಂದಿದ್ರು, ನಂಗೆ ಸಾಂಬಾರೇ ಸಿಗ್ಲಿಲ್ಲ" ಎಂದಳು. ಮರುದಿನವೇ ತಮ್ಮ ಎರಡನೇ ನೋಟಿಸು: ಮಕ್ಕಳಿಗೆ ಸಾಲುವಷ್ಟು ಅಡುಗೆ ಮಾಡಿಲ್ಲ! ಕೈ ಒಣಗುವ ಮೊದಲೇ ದೂರು ಬರೆಯುವ ಈ ಚುರುಕುತನ ನಮ್ಮ ದೋಣಿಯ ಇಂಜಿನ್ನಿಗೂ ಇಲ್ಲ.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಮುಂದಿನದಕ್ಕೆ ನಗು ಬರುವುದಿಲ್ಲ. ದುರ್ಗಿ ದಿನವೂ ನಮ್ಮ ಮನೆ ಬಾಗಿಲಿಗೆ ಬಂದು, "ಅಂಬಕ್ಕ, ಖರೇ ಹೇಳು, ಅವತ್ತು ಉಪ್ಪು ಕಡಿಮೆ ಇತ್ತಾ?" ಎಂದು ಕೇಳುತ್ತಾಳೆ. "ಇಲ್ವೇ ಮಾರಾಯ್ತಿ, ಬಾಳಾ ಚಲೋ ಇತ್ತು" ಎಂದರೆ ಅವಳ ಮುಖ ಇನ್ನಷ್ಟು ಇಳಿಯುತ್ತದೆ, ಯಾಕೆಂದರೆ ನಮ್ಮೂರಲ್ಲಿ ಬಾಯಿತುಂಬ ಹೊಗಳಿದ್ದನ್ನು ಯಾರೂ ನಂಬುವುದಿಲ್ಲ. ಹನ್ನೊಂದು ವರ್ಷ ಕಣ್ಣಳತೆಯಲ್ಲಿ ಉಪ್ಪು ಹಾಕಿದ ಕೈ ಈಗ ಚಮಚ ಹುಡುಕುತ್ತದೆ, ಹಾಕಿ ನೋಡುತ್ತದೆ, ಮತ್ತೆ ಹಾಕುತ್ತದೆ. ಮಕ್ಕಳು ನೀರು ಕುಡಿದು ಕುಡಿದು ಊಟ ಮುಗಿಸುತ್ತಿದ್ದಾರೆ. ಬರುವ ಸೋಮವಾರ ತಮ್ಮೆದುರು ಅವಳ ವಿಚಾರಣೆ. ಅವಳ ಕೆಲಸ ಹೋದರೆ ಅದು ಹೋಗುವುದು ನನ್ನ ದುಂಡಗಿನ ಅಕ್ಷರದಿಂದ, ಆ ಸಂಕಟವನ್ನು ನಾನು ಯಾವ ವಹಿಯಲ್ಲಿ ಬರೆಯಲಿ?

ತಮ್ಮಂಥ ದೊಡ್ಡವರಲ್ಲಿ ಸಣ್ಣದನ್ನು ಕೇಳಿದರೆ ತಮಗೇ ಅವಮಾನ. ಆದ್ದರಿಂದ ದೊಡ್ಡದನ್ನೇ ಕೇಳುತ್ತೇನೆ. ರುಚಿಯ ವಹಿಯಲ್ಲಿ "ದೃಷ್ಟಿ ತಾಗದಿರಲೆಂದು ಬರೆದ ಕೊಂಕು" ಎಂಬ ಕಲಮೊಂದನ್ನು ಸೇರಿಸಿ, ಕಾಗಾಲದಿಂದ ಜಾಲಿಯವರೆಗಿನ ಪ್ರತಿ ಶಾಲೆಯ ಪಾತ್ರೆಗೂ ಸರ್ಕಾರಿ ಮೊಹರಿನ ಕಾಡಿಗೆ ಬೊಟ್ಟು ಇಡಿಸಬೇಕು. ಅಕ್ಕಿಬೇಳೆ ಬರುವುದು ಮಕ್ಕಳ ತಲೆ ಎಣಿಸಿಯಾದ್ದರಿಂದ, ಮೂವತ್ತೆಂಟು ಮಕ್ಕಳಿರುವ ನಮ್ಮ ಶಾಲೆಗೆ ತಾವೈವರೂ ದಾಖಲಾಗಬೇಕು. ಹಾಜರಿಯಲ್ಲಿ ಮೂವತ್ತೊಂಬತ್ತರಿಂದ ನಲವತ್ಮೂರರವರೆಗೆ ಜಾಗ ಬಿಡಲು ಮಾಸ್ತರರಿಗೆ ಹೇಳಿದ್ದೇನೆ. ಸಮವಸ್ತ್ರ ಹಾಕಿಕೊಂಡು, ಸಾಲಿನಲ್ಲಿ ಕುಳಿತು, ಉಂಡ ತಟ್ಟೆಯನ್ನು ತಾವೇ ತೊಳೆದಿಡಬೇಕು. ಕಳೆದ ಸಲ ಐದೂ ತಟ್ಟೆ ಬೆಂಚಿನ ಮೇಲೇ ಉಳಿದಿದ್ದವು, ದುರ್ಗಿಯೇ ತೊಳೆದಳು.

ಕೊನೆಯದಾಗಿ, ಸೋಮವಾರದ ವಿಚಾರಣೆಯನ್ನು ಕಚೇರಿಯಲ್ಲಿ ನಡೆಸದೆ ನಮ್ಮ ಅಡುಗೆಕೋಣೆಯಲ್ಲೇ ನಡೆಸಬೇಕು. ಆ ಶೀಟಿಲ್ಲದ ಮಾಡಿನ ಕೆಳಗೆ, ಆ ಒಂದೇ ಬರ್ನರಿನ ಮೇಲೆ, ಮೂವತ್ತೆಂಟು ಮಕ್ಕಳಿಗೆ ಸಾಲುವಷ್ಟು ಮೊಗೆಕಾಯಿ ಸಾಂಬಾರನ್ನು ತಾವು ಮಾಡಿ ತೋರಿಸಬೇಕು. ರುಚಿ ನೋಡುವ ಪಾಳಿ ನನ್ನದು. ಹೆದರಬೇಡಿ, ತಮ್ಮ ಸಾಂಬಾರನ್ನು ವಹಿಯ ಪುಟ ತುಂಬ ಹೊಗಳಿ ಬರೆಯುತ್ತೇನೆ.

ತಮ್ಮ ಮುಂದಿನ ನೋಟಿಸಿಗೆ ಈಗಲೇ ಬಾಗಿಲು ತೆರೆದಿಟ್ಟು ಕಾದಿರುವ,
ತಮ್ಮ ವಿಶ್ವಾಸಿ,
ಅಂಬಾ ಶನಿಯಾರ

ತಾ.ಕ.: ಪತ್ರವನ್ನು ನಮ್ಮನೆಯವರಿಗೆ ಓದಿ ಹೇಳಿದೆ. "ಎಂತ, ಸಾಹೇಬರನ್ನ ಇಷ್ಟು ಹೊಗಳೀದಿ, ಎಲ್ಲೂ ಒಂದು ಕೊಂಕೇ ಇಟ್ಟಿಲ್ವಲ್ಲ, ದೃಷ್ಟಿ ತಾಗೂದಿಲ್ವಾ?" ಎಂದು ಕೇಳಿದರು. ನಾನೂ ಮೊದಲಿಂದ ಇನ್ನೊಮ್ಮೆ ಓದಿ ನೋಡಿದೆ. ತಾಗುವಂಥದ್ದು ಏನೂ ಕಾಣಲಿಲ್ಲ. ತಮ್ಮ ಕಚೇರಿ ಅಡ್ಡಿಲ್ಲ.